ಮೂರನೆಯ ಕಣ್ಣಿಲ್ಲದ ಮಹಾವೀರ: ತಾಳಗುಂದದ ಮಯೂರಶರ್ಮ

ಸಾಹಸನಾಯಕರ ಚಿತ್ರಕಥೆಗಳಿಗೆ ಮಾರುಹೋದ ಒಂದು ತಲೆಮಾರು ಕನ್ನಡನಾಡಿನಲ್ಲೂ ಉಂಟು. 1964ರಲ್ಲಿ ಆರಂಭವಾಗಿ 1990ರವರೆಗೆ ನಡೆದ ಇಂದ್ರಜಾಲ ಕಾಮಿಕ್ಸ್ ಮಾಲೆಯ ಫ್ಯಾಂಟಮ್, ಮಾಂಡ್ರೇಕ್, ಬಹಾದೂರ್ ಮೊದಲಾದವರು ಅವರ ಬಾಲ್ಯದ ಒಡನಾಡಿಗಳು. ಕಾರ್ಕಳದಲ್ಲಿ ಜನಿಸಿದ ಅನಂತ ಪೈ 1967ರಲ್ಲಿ ರೂಪಿಸಿದ ಅಮರ ಚಿತ್ರ ಕಥಾ ಮಾಲೆ ಪುರಾಣ ಹಾಗೂ ಇತಿಹಾಸದ ವೀರರನ್ನು ಅದೇ ಚೌಕಟ್ಟುಗಳೊಳಗೆ ತಂದಿತು. ಆ ಮಾಲೆಯ ಮೊದಲ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಿನ್ನರಕಥೆಗಳ ಕನ್ನಡ ರೂಪಗಳಾಗಿದ್ದವು ಎಂಬುದು ಇಂದಿನ ಓದುಗರಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಇಂಗ್ಲಿಷ್ ಮಾಲೆಯ ಕೃಷ್ಣನ ಕಥೆಗೆ ಹನ್ನೊಂದನೆಯ ಸಂಖ್ಯೆ ಬಿದ್ದದ್ದು ಈ ಕಾರಣದಿಂದಲೇ.

ಇಂತಹ ಕಥೆಗಳ ಅಭಿಮಾನಿಗಳಿಗೆ ನಾಯಕನ ಉಗಮದ ಪ್ರಸಂಗವೆಂದರೆ ವಿಶೇಷ ಪ್ರೀತಿ. ಸಾಮಾನ್ಯನೊಬ್ಬನಿಗೆ ಒದಗುವ ಅಪಮಾನ ಅಥವಾ ನಷ್ಟ, ಅದರಿಂದ ಹುಟ್ಟುವ ಪ್ರತಿಜ್ಞೆ, ಕಾಡಿನ ಅಥವಾ ಗುಹೆಯ ಆಶ್ರಯ, ಬಲಾಢ್ಯನಾದ ಎದುರಾಳಿ ಹಾಗೂ ಕೊನೆಯಲ್ಲಿ ದೊರೆಯುವ ಹೊಸ ಗುರುತು, ಇವು ಆ ಪ್ರಸಂಗದ ಅಂಗಗಳು. ಅಮೆರಿಕದ ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್‌ನ ಕಥೆಯಲ್ಲಿ ಇವೆಲ್ಲವೂ ಇವೆ. ಆದರೆ ಇವೆಲ್ಲವನ್ನೂ ಒಳಗೊಂಡ ಕಥೆಯೊಂದು ಅದಕ್ಕೂ ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಲ್ಲಿನ ಮೇಲೆ ಬರೆಯಲ್ಪಟ್ಟಿತ್ತು. ಆ ಹಳ್ಳಿ ತಾಳಗುಂದ. ಆ ಕಥೆಯ ನಾಯಕ ಬನವಾಸಿಯ ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮ.

ಕಂಬ ಹೇಳುವ ಕಥೆ

ಬಳ್ಳಿಗಾವಿಯ ನೆರೆಯಲ್ಲಿರುವ ತಾಳಗುಂದಕ್ಕೆ ಪ್ರಾಚೀನ ಶಾಸನಗಳಲ್ಲಿ ಸ್ಥಾನಕುಂದೂರು ಎಂಬ ಹೆಸರಿದೆ. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಎಂಟು ಮುಖಗಳ ಕಲ್ಲುಕಂಬವೇ ಮಯೂರಶರ್ಮನ ಜೀವನಕ್ಕೆ ಇರುವ ಮುಖ್ಯ ಆಧಾರ. ಕಂಬದ ಏಳು ಮುಖಗಳ ಮೇಲೆ ಎರಡೆರಡು ಉದ್ದನೆಯ ಸಾಲುಗಳು, ಎಂಟನೆಯದರ ಮೇಲೆ ಒಂದು ಚಿಕ್ಕ ಸಾಲು ಕೊರೆಯಲ್ಪಟ್ಟಿವೆ. ಸಾಲುಗಳು ಅಡ್ಡಲಾಗಿ ಸಾಗುವುದಿಲ್ಲ. ಕಂಬದ ಬುಡದಿಂದ ಆರಂಭವಾಗಿ ಮೇಲಕ್ಕೆ ಏರುತ್ತವೆ. ಭಾಷೆ ಸಂಸ್ಕೃತ, ಪದ್ಯಗಳು ಮೂವತ್ತನಾಲ್ಕು. ಬರೆದವನು ಕುಬ್ಜನೆಂಬ ಕವಿ. ಕಾಲ ಐದನೆಯ ಶತಮಾನದ ನಡುಭಾಗದ ಆಚೀಚೆ, ಕದಂಬ ದೊರೆ ಶಾಂತಿವರ್ಮನ ಆಳ್ವಿಕೆ.

ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ 1902ರಲ್ಲಿ ಈ ಶಾಸನವನ್ನು ಪ್ರಕಟಿಸಿದರು. ಜರ್ಮನಿಯ ವಿದ್ವಾಂಸ ಕೀಲ್‌ಹಾರ್ನ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ವಿವರವಾಗಿ ಸಂಪಾದಿಸಿದರು. ಮಯೂರಶರ್ಮನ ಕಾಲವನ್ನು ಇತಿಹಾಸಕಾರರು ಸಾಮಾನ್ಯವಾಗಿ ನಾಲ್ಕನೆಯ ಶತಮಾನದ ನಡುಭಾಗಕ್ಕೆ, ಕ್ರಿ.ಶ. 345ರ ಸುಮಾರಿಗೆ ಇರಿಸುತ್ತಾರೆ. ಅಂದರೆ ಕುಬ್ಜನು ಬರೆದದ್ದು ನಾಯಕನ ಕಾಲಕ್ಕಿಂತ ಸುಮಾರು ಒಂದು ಶತಮಾನ ಈಚೆಗೆ, ಅವನದೇ ವಂಶದವರ ಆಶ್ರಯದಲ್ಲಿ. ಎದುರಾಳಿಗಳಾದ ಪಲ್ಲವರ ಕಡೆಯಿಂದ ಈ ಕಲಹದ ಕಥನ ಉಳಿದುಬಂದಿಲ್ಲ. ಹೀಗಾಗಿ ಇದು ಒಂದೇ ಪಕ್ಷದ ಮಾತೆಂಬ ಎಚ್ಚರ ಅಗತ್ಯ. ಹಾಗಿದ್ದರೂ ಆ ಕಥೆಯಲ್ಲಿ ಅತಿಮಾನುಷ ಅಂಶಗಳು ತೀರಾ ಕಡಿಮೆ ಎಂಬುದು ಗಮನಾರ್ಹ.

ಕಂಚಿಯಲ್ಲಿ ನಡೆದದ್ದು

ಶಾಸನದ ಪ್ರಕಾರ ಮಯೂರಶರ್ಮನ ಮನೆತನ ವೇದಾಧ್ಯಯನದಲ್ಲಿ ತೊಡಗಿದ್ದ ಬ್ರಾಹ್ಮಣ ಮನೆತನ. ಮಾನವ್ಯ ಗೋತ್ರದ, ಹಾರಿತಿಯ ಪರಂಪರೆಯದು. ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವೊಂದನ್ನು ಪ್ರೀತಿಯಿಂದ ಸಲಹಿದ್ದರಿಂದ ಅವರಿಗೆ ಆ ಮರದ ಹೆಸರೇ ಅಂಟಿಕೊಂಡಿತು. ಒಂದು ರಾಜವಂಶದ ಹೆಸರಿಗೆ ಇಷ್ಟು ಸರಳವಾದ ಮೂಲ ದೊರೆಯುವುದು ಅಪರೂಪ.

ಯುವಕ ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ತೆರಳಿದ. ವೀರಶರ್ಮ ಅವನ ಅಜ್ಜನೂ ಆಗಿದ್ದನೆಂದು ಇತಿಹಾಸಕಾರರು ಹೇಳುತ್ತಾರೆ. ಕಂಚಿಯ ಘಟಿಕಾಸ್ಥಾನ ಆಗ ಉನ್ನತ ವಿದ್ಯೆಯ ಕೇಂದ್ರವಾಗಿತ್ತು. ವೇದಾಧ್ಯಯನವನ್ನು ಪೂರ್ಣಗೊಳಿಸುವ ಹಂಬಲದಿಂದ ಮಲೆನಾಡಿನ ಅಂಚಿನ ಅಗ್ರಹಾರವೊಂದರಿಂದ ಆ ಮಹಾನಗರಕ್ಕೆ ಬಂದ ವಿದ್ಯಾರ್ಥಿಗೆ ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಉಗ್ರ ಕಲಹವಾಯಿತು. ಶಾಸನದಲ್ಲಿರುವ ಪದವನ್ನು ಹೆಚ್ಚಿನವರು ಕುದುರೆ ಸವಾರ ಎಂದು ಅರ್ಥೈಸಿದರೆ, ಅದಕ್ಕೆ ಅಶ್ವಯಾಗದ ಸಂಬಂಧವನ್ನು ಕಲ್ಪಿಸುವ ವಿದ್ವಾಂಸರೂ ಇದ್ದಾರೆ. ಕಲಹದ ಕಾರಣವೇನಿದ್ದರೂ ಅದರ ಪರಿಣಾಮ ಸ್ಪಷ್ಟ. ಗುರುಸೇವೆ, ಅಧ್ಯಯನ, ವ್ರತಗಳನ್ನು ಎಷ್ಟೇ ನಿಷ್ಠೆಯಿಂದ ನಡೆಸಿದರೂ ತನ್ನಂತಹವನ ಗೌರವ ಆಳುವವರ ಕೃಪೆಯನ್ನೇ ಅವಲಂಬಿಸಬೇಕೆಂಬ ಅರಿವು ಅವನನ್ನು ಸುಟ್ಟಿತು.

ಮುಂದಿನ ಚಿತ್ರಣದಲ್ಲಿ ಕುಬ್ಜನ ಪ್ರತಿಭೆ ಬೆಳಗುತ್ತದೆ. ದರ್ಭೆ, ಸಮಿತ್ತು, ಯಜ್ಞಪಾತ್ರೆಗಳನ್ನು ಹಿಡಿದು ಪಳಗಿದ್ದ ಕೈಯಲ್ಲಿ ಈಗ ಹೊಳೆಯುವ ಖಡ್ಗವಿದೆ. ವಿದ್ಯಾರ್ಥಿಯೊಬ್ಬ ಯೋಧನಾದ ಬದಲಾವಣೆಯನ್ನು ಕವಿ ದೀರ್ಘ ವರ್ಣನೆಯಿಂದಲ್ಲ, ಒಂದು ಕೈಯ ಚಿತ್ರದಿಂದ ಹೇಳಿ ಮುಗಿಸುತ್ತಾನೆ. ಒಳ್ಳೆಯ ಚಿತ್ರಕಥೆಗಾರನೂ ಇದನ್ನೇ ಮಾಡುತ್ತಾನೆ. ನೂರು ಮಾತುಗಳ ಕೆಲಸವನ್ನು ಒಂದು ಚೌಕಟ್ಟು ಮಾಡಬಲ್ಲದೆಂಬ ಗುಟ್ಟು ಕುಬ್ಜನಿಗೆ ತಿಳಿದಿತ್ತು.

ಶ್ರೀಪರ್ವತದ ಅರಣ್ಯ

ಪಲ್ಲವರಂತಹ ಪ್ರಬಲ ರಾಜರನ್ನು ನೇರ ಕಾಳಗದಲ್ಲಿ ಎದುರಿಸುವ ಶಕ್ತಿ ಒಂಟಿ ಯುವಕನಿಗೆ ಎಲ್ಲಿಂದ ಬರಬೇಕು? ಮಯೂರಶರ್ಮ ಮೊದಲು ಪಲ್ಲವರ ಗಡಿ ಕಾಯುತ್ತಿದ್ದ ಅಂತಪಾಲರನ್ನು ಸೋಲಿಸಿದ. ಬಳಿಕ ಶ್ರೀಪರ್ವತದವರೆಗೆ, ಅಂದರೆ ಇಂದಿನ ಶ್ರೀಶೈಲದವರೆಗೆ, ಹಬ್ಬಿದ್ದ ದುರ್ಗಮ ಅರಣ್ಯವನ್ನು ತನ್ನ ನೆಲೆಯನ್ನಾಗಿಸಿಕೊಂಡ. ಅಲ್ಲಿಂದಲೇ ಬೃಹದ್ಬಾಣರು ಮೊದಲಾದ ಅರಸರಿಂದ ಕಪ್ಪವನ್ನು ಸಂಗ್ರಹಿಸತೊಡಗಿದ.

ಕಂಚಿಯ ಸೇನೆ ಅವನನ್ನು ಹತ್ತಿಕ್ಕಲು ಹೊರಟಾಗ ಅವನು ಬಯಲಿಗೆ ಬಂದು ನಿಲ್ಲಲಿಲ್ಲ. ರಾತ್ರಿಯ ವೇಳೆ ಸೇನೆ ದಾರಿಯಲ್ಲಿರುವಾಗ ಅಥವಾ ಬಿಡಾರ ಹೂಡಿದಾಗ, ತನಗೆ ಅನುಕೂಲವಾದ ನೆಲೆಗಳಲ್ಲಿ ಎರಗಿದ. ಕಾಡು, ಕತ್ತಲೆ, ವೇಗ ಇವೇ ಅವನ ಆಯುಧಗಳಾದವು. ಇಂದಿನ ಭಾಷೆಯಲ್ಲಿ ಗೆರಿಲ್ಲಾ ಸಮರವೆಂದು ಕರೆಯುವ ಯುದ್ಧಕ್ರಮದ ಸ್ಪಷ್ಟ ವರ್ಣನೆ ಇದು. ದಟ್ಟ ಕಾಡಿನಲ್ಲಿ ನೆಲೆನಿಂತು ಶತ್ರುಗಳ ಎದೆ ನಡುಗಿಸುವ ನಾಯಕನನ್ನು ಫ್ಯಾಂಟಮ್‌ನಲ್ಲಿ ಕಂಡು ಮೆಚ್ಚಿದವರಿಗೆ ಈ ದೃಶ್ಯ ಅಪರಿಚಿತವೆನಿಸದು.

ಇದೇ ಹೊತ್ತಿನಲ್ಲಿ ಗುಪ್ತ ಚಕ್ರವರ್ತಿ ಸಮುದ್ರಗುಪ್ತ ದಕ್ಷಿಣಕ್ಕೆ ದಂಡೆತ್ತಿ ಬಂದು ಕಂಚಿಯ ವಿಷ್ಣುಗೋಪನನ್ನು ಸೋಲಿಸಿದ್ದ. ಅಲಹಾಬಾದಿನ ಸ್ತಂಭಶಾಸನ ಇದನ್ನು ಹೇಳುತ್ತದೆ. ಆ ಆಘಾತದಿಂದ ಪಲ್ಲವರು ದುರ್ಬಲರಾಗಿದ್ದುದು ಮಯೂರಶರ್ಮನಿಗೆ ಅನುಕೂಲವಾಗಿರಬೇಕೆಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ವೀರನ ಶೌರ್ಯದ ಹಿಂದೆ ಕಾಲದ ನೆರವೂ ಇರುತ್ತದೆ ಎಂಬುದನ್ನು ಇತಿಹಾಸ ಮರೆಯುವುದಿಲ್ಲ.

ಜನಪ್ರಿಯ ಕಥೆ ಮರೆತ ಭಾಗ

ಸಾಮಾನ್ಯವಾಗಿ ಇಂತಹ ಕಥೆ ಶತ್ರುವಿನ ಸಂಹಾರದೊಂದಿಗೆ ಮುಗಿಯಬೇಕು. ತಾಳಗುಂದದ ಕಂಬ ಬೇರೆಯದನ್ನೇ ಹೇಳುತ್ತದೆ. ಮಯೂರಶರ್ಮನನ್ನು ಅಳಿಸಿಹಾಕುವುದು ಸುಲಭವಲ್ಲವೆಂದು ಮನಗಂಡ ಪಲ್ಲವರು ಅವನ ಶೌರ್ಯವನ್ನೂ ಕುಲವನ್ನೂ ಪರಿಗಣಿಸಿ ಸ್ನೇಹವನ್ನು ಬಯಸಿದರು. ಅವನೂ ಒಪ್ಪಿದ. ಅಷ್ಟೇ ಅಲ್ಲ, ಅವರ ಸೇವೆಯಲ್ಲಿ ನಿಂತು ಯುದ್ಧಗಳಲ್ಲಿ ಪರಾಕ್ರಮ ಮೆರೆದ. ಕೊನೆಗೆ ಅವರಿಂದಲೇ ಪಟ್ಟಬಂಧದ ಗೌರವವನ್ನು ಪಡೆದ. ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗಿನ ಪ್ರದೇಶ ಅವನದಾಯಿತು. ಅದನ್ನು ಬೇರಾರೂ ಪ್ರವೇಶಿಸಬಾರದೆಂಬ ಒಪ್ಪಂದವೂ ಆಯಿತು. ಪ್ರೇಹರ ಯಾವುದೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಅಪಮಾನದಿಂದ ಹೊರಟವನು ಅಪಮಾನಿಸಿದವರ ಸೇವೆಗೆ ನಿಂತನೇ ಎಂದು ಇಂದಿನ ಓದುಗನಿಗೆ ಅಚ್ಚರಿಯಾಗಬಹುದು. ಆದರೆ ಅವನ ಬೇಡಿಕೆ ಏನಾಗಿತ್ತು ಎಂಬುದನ್ನು ನೆನೆದರೆ ಈ ಅಚ್ಚರಿ ಕರಗುತ್ತದೆ. ಅವನಿಗೆ ಕಂಚಿಯ ಸಿಂಹಾಸನ ಬೇಕಿರಲಿಲ್ಲ. ತನ್ನ ನೆಲದಲ್ಲಿ ಯಾರ ಕೃಪೆಗೂ ಕೈಚಾಚದೆ ಬದುಕುವ ಮಾನ್ಯತೆ ಬೇಕಿತ್ತು. ಅದು ದೊರೆತ ಮೇಲೆ ಖಡ್ಗವನ್ನು ಒರೆಗೆ ಸೇರಿಸುವ ವಿವೇಕ ಅವನಲ್ಲಿತ್ತು. ಸೇಡಿನ ಕಥೆಯಾಗಿ ಆರಂಭವಾದದ್ದು ರಾಜ್ಯ ಕಟ್ಟಿದ ಕಥೆಯಾದದ್ದು ಈ ತಿರುವಿನಿಂದ. ವರದಾ ನದಿಯ ದಂಡೆಯ ಬನವಾಸಿ ಆ ರಾಜ್ಯದ ರಾಜಧಾನಿಯಾಯಿತು. ಇಂದು ಬನವಾಸಿ ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದರೂ ನೆರೆಯ ಸೊರಬ ಸೀಮೆಯೊಂದಿಗೆ ಅದರ ನಂಟು ಅಳಿದಿಲ್ಲ.

ಅರಸನಾದ ಮಯೂರಶರ್ಮನ ಕೆಲಸಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿರುವ ಪ್ರಾಕೃತ ಶಾಸನ ಮತ್ತೊಂದು ಸಾಕ್ಷಿ. ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಬಂಡೆಯ ಬರಹ ಅವನು ಅಲ್ಲಿ ಕೆರೆಯೊಂದರ ಕೆಲಸ ಮಾಡಿಸಿದ್ದನ್ನು ತಿಳಿಸುತ್ತದೆ. ಅದರಲ್ಲಿರುವ, ಅವನು ಗೆದ್ದನೆಂಬ ರಾಜ್ಯಗಳ ಪಟ್ಟಿಯ ಓದಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪಟ್ಟಿ ಹೇಗೇ ಇರಲಿ, ಕೆರೆಯ ಮಾತು ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ತಾಳಗುಂದದ ಕಂಬವೂ ಅವನ ವಂಶಜ ಕಾಕುಸ್ಥವರ್ಮ ಕಟ್ಟಿಸಿದ ಕೆರೆಯ ನೆನಪಿಗಾಗಿ ನಿಂತದ್ದು. ಈ ವಂಶದ ದೊಡ್ಡ ಕಥೆ ಉಳಿದುಬಂದದ್ದು ಕೆರೆಗಳ ದಾಖಲೆಗಳಲ್ಲಿ!

ಹಣೆಯ ಮೇಲೆ ಮೂಡಿದ ಕಣ್ಣು

ಶತಮಾನಗಳು ಉರುಳಿದವು. ಬನವಾಸಿಯ ಕದಂಬರು ಅಸ್ತಂಗತರಾದರು. ಹಾನಗಲ್ಲು, ಗೋವೆಗಳಲ್ಲಿ ಕದಂಬರ ಹೆಸರಿನ ಹೊಸ ಶಾಖೆಗಳು ತಲೆಯೆತ್ತಿದವು. ಈ ಕಾಲದ ಶಾಸನಗಳಲ್ಲಿ ಮೂಲಪುರುಷನ ಕಥೆ ಗುರುತು ಸಿಗದಷ್ಟು ಬದಲಾಯಿತು. ಶಿವನ ಹಣೆಯ ಬೆವರಿನ ಹನಿಯೊಂದು ಕದಂಬ ವೃಕ್ಷದ ಬುಡದಲ್ಲಿ ಬಿದ್ದು, ಅಲ್ಲಿ ನಾಲ್ಕು ತೋಳುಗಳ, ಮೂರು ಕಣ್ಣುಗಳ ವೀರ ಜನಿಸಿದನೆಂಬುದು ಒಂದು ಕಥೆ. ಮುಕ್ಕಣ್ಣ ಕದಂಬ, ತ್ರಿಲೋಚನ ಕದಂಬ ಎಂಬ ಹೆಸರುಗಳು ಹೀಗೆ ಬಂದವು. ರುದ್ರನಿಗೂ ಭೂದೇವಿಗೂ ಜನಿಸಿದ ಮಯೂರವರ್ಮನ ಹಣೆಯಲ್ಲಿ ಕಣ್ಣು ಬೆಳಗುತ್ತಿದ್ದುದರಿಂದ ಅಲ್ಲಿ ಕಿರೀಟವನ್ನು ಕಟ್ಟಲಾಗದೆ ಮೊಣಕಾಲಿಗೆ ಕಟ್ಟಿದರೆಂಬುದು ಇನ್ನೊಂದು. ಹದಿನೆಂಟು ಅಶ್ವಮೇಧಗಳ ಕೀರ್ತಿಯೂ ಅವನಿಗೆ ಸಂದಿತು. ಜಾರ್ಜ್ ಮೊರೇಸ್ ಅವರು 1931ರಲ್ಲಿ ಪ್ರಕಟಿಸಿದ ಕದಂಬ ಕುಲದ ಇತಿಹಾಸದಲ್ಲಿ ಈ ಐತಿಹ್ಯಗಳನ್ನು ಪರಿಶೀಲಿಸಿದ್ದಾರೆ.

ಚಿತ್ರಕಥೆಗಳ ಅಭಿಮಾನಿಗಳಿಗೆ ಈ ಬೆಳವಣಿಗೆ ಚಿರಪರಿಚಿತ. ಮುಖವಾಡ ತೊಟ್ಟ, ಆದರೆ ಮಾನವಮಾತ್ರನಾದ ಫ್ಯಾಂಟಮ್ 1936ರಲ್ಲಿ ಬಂದರೆ, ಬೇರೆ ಲೋಕದಿಂದ ಬಂದ ಅಪಾರ ಶಕ್ತಿಯ ಸೂಪರ್‌ಮ್ಯಾನ್ 1938ರಲ್ಲಿ ಅವತರಿಸಿದ. ಕಥೆ ಹೇಳುವವರಿಗೆ ಮಾನವನ ಧೈರ್ಯ ಸಾಲದೆನಿಸಿದಾಗ ದಿವ್ಯಜನ್ಮವನ್ನೂ ಅಲೌಕಿಕ ಶಕ್ತಿಯನ್ನೂ ಸೇರಿಸುವ ಚಾಳಿ ಅಂದಿಗೂ ಇಂದಿಗೂ ಒಂದೇ. ಅಂತಹ ಕಲ್ಪನೆಯಲ್ಲಿ ತನ್ನದೇ ಆದ ಸೊಗಸಿದೆ, ನಿಜ. ಆದರೆ ಮಯೂರನ ಮಟ್ಟಿಗೆ ಅದರಿಂದ ಆದ ನಷ್ಟವೂ ಚಿಕ್ಕದಲ್ಲ. ಹಣೆಗಣ್ಣಿನೊಡನೆ ಜನಿಸಿದವನಿಗೆ ರಾಜ್ಯ ಕಟ್ಟುವುದು ಏನು ಮಹಾ? ಪುಸ್ತಕ ಹಿಡಿದು ಹೋದ ವಿದ್ಯಾರ್ಥಿ ಕಾಡಿನಲ್ಲಿ ರಾತ್ರಿಗಳನ್ನು ಕಳೆದು, ಸೋಲಿನ ಅಂಚಿನಲ್ಲಿ ನಿಂತು ರಾಜ್ಯ ಕಟ್ಟಿದನೆಂಬುದೇ ವಿಸ್ಮಯ. ಮೂರನೆಯ ಕಣ್ಣು ಬಂದೊಡನೆ ಕಂಚಿಯ ಕಲಹಕ್ಕೂ ಶ್ರೀಪರ್ವತದ ಕಷ್ಟಕ್ಕೂ ಕಥೆಯಲ್ಲಿ ಕೆಲಸವಿಲ್ಲದಾಯಿತು.

ಕಲ್ಲಿನ ಚೌಕಟ್ಟುಗಳು

ಮಯೂರನ ಕಥೆಯನ್ನು ಅಕ್ಷರಗಳಲ್ಲಿ ಉಳಿಸಿಕೊಂಡ ಈ ಸೀಮೆ, ಹೆಸರಿಲ್ಲದ ನೂರಾರು ವೀರರ ಕಥೆಗಳನ್ನು ಚಿತ್ರಗಳಲ್ಲೇ ಹೇಳಿತು. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ವೀರಗಲ್ಲುಗಳ ಸಿರಿಗೆ ಹೆಸರಾದವು. ಬಳ್ಳಿಗಾವಿ, ಬಂದಳಿಕೆ, ಉದ್ರಿ ಮೊದಲಾದೆಡೆ ಇವುಗಳನ್ನು ಕಾಣಬಹುದು. ಸೊರಬದ ಶಾಸನಗಳನ್ನು ರೈಸ್ ಅವರು 1904ರ ಎಂಟನೆಯ ಸಂಪುಟದಲ್ಲಿ ಪ್ರಕಟಿಸಿದಾಗ ಇಂತಹ ಕಲ್ಲುಗಳ ಬರಹಗಳಿಗೂ ಸ್ಥಾನ ದೊರೆಯಿತು.

ವೀರಗಲ್ಲನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ, ತಾಳಗುಂದದ ಕಂಬದಂತೆಯೇ. ಸಾಮಾನ್ಯವಾಗಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಯುದ್ಧ: ತುರುಗಳನ್ನು ಮರಳಿ ತರಲು, ಊರನ್ನು ಉಳಿಸಲು, ಹೆಂಗಸರ ಮಾನ ಕಾಯಲು ಹೋರಾಡುತ್ತಿರುವ ವೀರ. ಎದುರಾಳಿಗಳಿಗಿಂತ ಅವನ ಆಕೃತಿ ದೊಡ್ಡದು. ನಡುವಣದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಮೇಲಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿದ್ದಾನೆ. ನೆತ್ತಿಯಲ್ಲಿ ಸೂರ್ಯಚಂದ್ರರು, ಕೀರ್ತಿ ಅವರಿರುವಷ್ಟು ಕಾಲ ಇರಲೆಂಬ ಹಾರೈಕೆಯ ಗುರುತಾಗಿ. ಅಂಕಣಗಳ ನಡುವಿನ ಪಟ್ಟಿಕೆಗಳಲ್ಲಿ ಯಾವ ಅರಸನ ಕಾಲ, ಯಾವ ಕಾಳಗ, ಯಾರ ಮಗ ಎಂಬ ವಿವರ. ಚೌಕಟ್ಟು, ಅನುಕ್ರಮ, ಚಿತ್ರದ ಜೊತೆಗಿನ ಬರಹ, ಗಾತ್ರದಿಂದಲೇ ನಾಯಕನನ್ನು ತೋರಿಸುವ ಜಾಣ್ಮೆ, ಹೀಗೆ ಚಿತ್ರಕಥೆಯ ಮುಖ್ಯ ಲಕ್ಷಣಗಳೆಲ್ಲವೂ ಇಲ್ಲಿವೆ. ಅಕ್ಷರ ಬಾರದ ರೈತನೂ ಈ ಕಥೆಯನ್ನು ಓದಬಲ್ಲವನಾಗಿದ್ದ. ಪಕ್ಕದಲ್ಲೇ ಬಳೆ ತೊಟ್ಟ ಕೈಯನ್ನು ಎತ್ತಿ ತೋರಿಸುವ ಮಾಸ್ತಿಗಲ್ಲುಗಳು ಆ ಕಥೆಗಳ ಇನ್ನೊಂದು, ದಾರುಣ ಮುಖವನ್ನು ನೆನಪಿಸುತ್ತವೆ.

ಈ ಕಲ್ಲುಗಳು ಮಯೂರಶರ್ಮನವಲ್ಲ. ಬಹುಪಾಲು ಅವನಿಗಿಂತ ಎಷ್ಟೋ ಶತಮಾನ ಈಚಿನವು. ಆದರೆ ಅವುಗಳ ವೀರರಿಗೂ ಕಂಬದ ವೀರನಿಗೂ ಒಂದು ಸಾಮ್ಯವಿದೆ. ಕೆಳಗಿನ ಅಂಕಣದಲ್ಲಿ ಅವರು ಮನುಷ್ಯರು. ಶಿಲ್ಪಿ ಅವರಿಗೆ ನಾಲ್ಕು ತೋಳು ಕೊಡಲಿಲ್ಲ. ದೈವದ ಸಾನ್ನಿಧ್ಯ ದೊರೆಯುವುದು ಕೆಲಸ ಮುಗಿದ ಮೇಲೆ, ಮೇಲಿನ ಅಂಕಣದಲ್ಲಿ.

ಪುಸ್ತಕ ಮತ್ತು ಬೆಳ್ಳಿತೆರೆ

ಇಪ್ಪತ್ತನೆಯ ಶತಮಾನದಲ್ಲಿ ಮಯೂರನನ್ನು ಕನ್ನಡಿಗರ ಮನೆಮಾತಾಗಿಸಿದ ಕೀರ್ತಿ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಗೂ 1975ರಲ್ಲಿ ವಿಜಯ್ ನಿರ್ದೇಶನದಲ್ಲಿ ತೆರೆಕಂಡ ಚಲನಚಿತ್ರಕ್ಕೂ ಸಲ್ಲಬೇಕು. ಮಯೂರನಾಗಿ ಡಾ. ರಾಜ್‌ಕುಮಾರ್ ಕಾಣಿಸಿಕೊಂಡ ಮೇಲೆ ಆ ರೂಪವೇ ಜನಮನದಲ್ಲಿ ನೆಲೆಯೂರಿತು. ಬ್ರಾಹ್ಮಣ ಯುವಕನಾಗಿ ಬೆಳೆದ ನಾಯಕ ತಾನು ರಾಜವಂಶದ ಕುಡಿಯೆಂದು ಅರಿಯುವುದು ಚಿತ್ರಕಥೆಯ ತಿರುವು. ಜನ್ಮರಹಸ್ಯದ ಈ ತಂತ್ರ ಪ್ರೇಕ್ಷಕರಿಗೆ ಪ್ರಿಯ. ಆದರೆ ಶಾಸನದ ಮಯೂರನಿಗೆ ಅಂತಹ ರಹಸ್ಯವೂ ಇಲ್ಲ, ಕಳೆದುಹೋದ ಸಿಂಹಾಸನವೂ ಇಲ್ಲ. ಅವನ ಹೆಸರಿನಲ್ಲಿ ಕೊನೆಗೂ ಉಳಿದದ್ದು ಶರ್ಮ ಎಂಬುದೇ. ವರ್ಮ ಎಂಬ ಕ್ಷತ್ರಿಯ ಸೂಚಕ ಶಾಸನದಲ್ಲಿ ಕಾಣುವುದು ಅವನ ಮಗ ಕಂಗವರ್ಮನಿಂದ ಮುಂದಕ್ಕೆ.

ಇಂದು ಬನವಾಸಿಯಲ್ಲಿ ಕದಂಬೋತ್ಸವ ನಡೆಯುತ್ತದೆ. ಕಾರವಾರದ ನೌಕಾನೆಲೆಗೆ ಕದಂಬರ ಹೆಸರಿದೆ. ತಾಳಗುಂದದಲ್ಲಿ 2013-14ರಲ್ಲಿ ನಡೆದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲಿನ ಬರಹ ದೊರೆತು, ಅದು ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂಬ ವಾದ ಮಂಡಿತವಾಯಿತು. ಆ ವಾದ ನಿಂತರೆ ಮಯೂರಶರ್ಮನ ಕಾಲಕ್ಕೆ ತೀರ ಹತ್ತಿರದ ಕನ್ನಡ ಬರಹ ಅವನ ಊರಿನಲ್ಲಿಯೇ ಸಿಕ್ಕಂತಾಗುತ್ತದೆ.

ಆದರೆ ಕಂಬಕ್ಕೆ ದೊರೆತ ಗಮನ ಹೊಲದ ಬದುವಿನಲ್ಲೂ ಕೆರೆಯ ಏರಿಯಲ್ಲೂ ನಿಂತಿರುವ ಪ್ರತಿಯೊಂದು ವೀರಗಲ್ಲಿಗೂ ದೊರೆತಿಲ್ಲ. ಬಿಸಿಲು ಮಳೆಗಳಿಗೆ ಅಂಕಣಗಳ ರೇಖೆಗಳು ಸವೆಯುತ್ತವೆ. ಮೊದಲು ಅಕ್ಷರ ಮಾಸುತ್ತದೆ, ಬಳಿಕ ಮುಖ, ಕೊನೆಗೆ ಆಕೃತಿ. ಹಳೆಯ ಚಿತ್ರಕಥೆಯ ಹರಿದ ಸಂಚಿಕೆಯನ್ನು ಜೋಪಾನವಾಗಿ ಕಾಪಾಡುವ ಅಭಿಮಾನಿಗೆ ಆ ನಷ್ಟದ ಬೆಲೆ ಗೊತ್ತು. ಅಚ್ಚಾದ ಸಂಚಿಕೆಗೆ ಮತ್ತೊಂದು ಪ್ರತಿ ಎಲ್ಲಾದರೂ ಇರಬಹುದು. ವೀರಗಲ್ಲಿಗೆ ಎರಡನೆಯ ಪ್ರತಿ ಇಲ್ಲ.

ಮಕ್ಕಳಿಗೆ ಮಯೂರನ ಕಥೆ ಹೇಳುವವರು ಹಣೆಗಣ್ಣಿನ ಕಥೆಯನ್ನೂ ಹೇಳಲಿ, ಅದು ಸ್ವಾರಸ್ಯಕರ. ಆದರೆ ಅದಕ್ಕೆ ಮೊದಲು ತಾಳಗುಂದದ ವಿದ್ಯಾರ್ಥಿಯ ಕಥೆ ಬರಲಿ. ಗುರುವಿನೊಡನೆ ದೂರದ ಊರಿಗೆ ಹೋದವನು, ಅಪಮಾನವನ್ನು ನುಂಗದವನು, ಕಾಡನ್ನು ಕೋಟೆಯಾಗಿಸಿಕೊಂಡವನು, ಸ್ನೇಹದ ಹೊತ್ತು ಬಂದಾಗ ಅದನ್ನು ಗುರುತಿಸಿದವನು. ಅವನಿಗೆ ಇದ್ದದ್ದು ಎರಡೇ ಕೈ, ಎರಡೇ ಕಣ್ಣು. ಕಂಬದ ಬುಡದಿಂದ ಓದತೊಡಗಿದರೆ ಇಂದಿಗೂ ಕಾಣಸಿಗುವವನು ಅವನೇ.